‘ಇಲ್ಲ’ ಎಂದು ಬರೆದ ಮೇಲೆ

ಅಥಣಿಯ ಆ ಹೆರಿಗೆ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕ ದಿನ, ಕೌಂಟರಿನಲ್ಲಿ ಕೂತಿದ್ದ ಹೆಂಗಸು ಒಂದು ಫಾರ್ಮು ಕೈಗಿಟ್ಟು, “ಇಷ್ಟ ತುಂಬಿ ಕೊಡ್ರಿ ಸಿಸ್ಟರ್. ನಾಳಿಯಿಂದ ಡ್ಯೂಟಿ” ಎಂದಳು. ಹೆಸರು, ಊರು ಪಾಲಬಾವಿ, ತಾಲೂಕು ರಾಯಬಾಗ, ನರ್ಸಿಂಗ್ ಕಲಿತದ್ದು ಚಿಕ್ಕೋಡಿಯಲ್ಲಿ. ಎಲ್ಲವನ್ನೂ ನಿಂತಲ್ಲೇ ಬರೆದೆ. ಕೆಳಗಿನಿಂದ ಎರಡನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದೀರಾ? ಇದ್ದರೆ ವಿವರ’ ಎಂದಿತ್ತು. ಅದರ ಮುಂದೆ ಅರ್ಧ ಗೇಣಿನಷ್ಟು ಖಾಲಿ ಜಾಗ.

ನನ್ನ ಹೆಗಲಿನ ಚೀಲದ ಒಳಜೇಬಿನಲ್ಲಿ ಗುಳಿಗೆಗಳಿದ್ದವು. ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು, ಆರು ವರ್ಷಗಳಿಂದ ನುಂಗುತ್ತ ಬಂದವು. ನಾನು ‘ಇಲ್ಲ’ ಎಂದು ಬರೆದೆ. ಕೆಳಗೆ ಸಹಿಯನ್ನೂ ಮಾಡಿದೆ. ಆ ಹೆಂಗಸು ಓದಿಯೂ ನೋಡದೆ ಅದಕ್ಕೆ ತೂತು ಹಾಕಿ ಫೈಲಿಗೆ ಸೇರಿಸಿದಳು.

ನನಗಿರುವುದು ಮೂರ್ಛೆ ರೋಗ. ನಮ್ಮ ಕಡೆ ಅದನ್ನು ಫಿಟ್ಸ್ ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಮೊದಲ ಸಲ ಬಂದಾಗ ನನಗೆ ಹತ್ತೊಂಬತ್ತು. ಎರಡನೆಯ ಸಲ ಬಂದದ್ದು ಪಾಲಬಾವಿಯಲ್ಲಿ, ಮನೆಯ ಮುಂದಿನ ನಳದ ಹತ್ತಿರ. ಎಚ್ಚರವಾದಾಗ ಓಣಿಯೆಲ್ಲ ನನ್ನ ಸುತ್ತ ನಿಂತಿತ್ತು. ಕೈಯಲ್ಲಿ ಯಾರೋ ಕೀಲಿಗೊಂಚಲು ತುರುಕಿದ್ದರು. ಮೂಗಿನ ಬಳಿ ಯಾರದೋ ಚಪ್ಪಲಿ ಇತ್ತು. ಯಾವ ದೇವರಿಗೆ ಕರೆದೊಯ್ಯಬೇಕು ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಅಪ್ಪ ಪಂಚಾಯತಿಯಲ್ಲಿ ನೀರು ಬಿಡುವ ಕೆಲಸದವನು. ನಮ್ಮದು ಬೌದ್ಧರ ಮನೆ. ದಾರ, ತಾಯಿತಗಳನ್ನು ಅವನು ಯಾವತ್ತೂ ಒಪ್ಪಿದವನಲ್ಲ. “ಇದು ತಲಿಯಾಗಿನ ಬ್ಯಾನಿ. ತಲಿ ಡಾಕ್ಟರ್ ಕಡೆ ಹೋಗೂದು” ಎಂದು ಮರುದಿನವೇ ಕುಡಚಿಗೆ ಹೋಗಿ ರೈಲು ಹತ್ತಿಸಿ ಮಿರಜಿಗೆ ಕರೆದೊಯ್ದ. ಅವ್ವ ಮಾತ್ರ ಅಪ್ಪನಿಗೆ ಕಾಣದ ಹಾಗೆ ನನ್ನ ತೋಳಿಗೆ ಒಂದು ಕರಿ ದಾರ ಕಟ್ಟಿದಳು. ನಾನು ಇಬ್ಬರ ಮಾತನ್ನೂ ಕೇಳಿದೆ. ಗುಳಿಗೆ ನುಂಗಿದೆ, ದಾರವನ್ನೂ ಬಿಚ್ಚಲಿಲ್ಲ.

ಫಿಟ್ಸ್ ಬರುವ ಮುಂಚೆ ನನಗೊಂದು ವಾಸನೆ ಬರುತ್ತದೆ. ತಳ ಹತ್ತಿದ ಬೆಲ್ಲದ ವಾಸನೆ. ಮೆದುಳಿನ ಒಂದು ಮೂಲೆಯಲ್ಲಿ ಅದು ಶುರುವಾಗುವುದರಿಂದ ಹಾಗಾಗುತ್ತದೆ, ಬಂದ ಕೂಡಲೇ ಎಲ್ಲಿದ್ದರೂ ನೆಲಕ್ಕೆ ಕೂತುಬಿಡು, ಹೆಚ್ಚೆಂದರೆ ಒಂದು ನಿಮಿಷ ಸಿಗುತ್ತದೆ ಎಂದು ಮಿರಜಿನ ಡಾಕ್ಟರು ಹೇಳಿದ್ದರು. ಆದರೆ ನಮ್ಮದು ಕಬ್ಬಿನ ಸೀಮೆ. ಹಂಗಾಮಿನಲ್ಲಿ ಗಾಣ ಶುರುವಾದರೆ ಊರೂರೂ ಬೆಲ್ಲದ ವಾಸನೆ. ಆ ನಾಲ್ಕು ತಿಂಗಳು ನಾನು ಪ್ರತಿ ಸಲ ಪಕ್ಕದವರ ಮುಖ ನೋಡುತ್ತಿದ್ದೆ. ಅವರ ಮೂಗಿಗೂ ಬಂದಿದೆಯೋ, ನನ್ನೊಬ್ಬಳ ತಲೆಯೊಳಗೋ ಎಂದು.

ಮೊದಲು ಇನ್ನೆರಡು ಕಡೆ ಕೆಲಸಕ್ಕೆ ಹೋಗಿದ್ದೆ. ನಿಪ್ಪಾಣಿಯ ಒಂದು ಆಸ್ಪತ್ರೆಯಲ್ಲಿ ಸಂದರ್ಶನದಲ್ಲೇ ಹೇಳಿದೆ. ಅಲ್ಲಿನ ಮಾಲೀಕರು ತುಂಬಾ ಮೃದುವಾಗಿ ಮಾತಾಡಿದರು. “ಹೇಳಿದ್ದು ಚಲೋ ಆತು ಸಿಸ್ಟರ್. ಫೋನ್ ಮಾಡಿ ತಿಳಸ್ತೀವಿ” ಎಂದರು. ಆ ಫೋನು ಬರಲೇ ಇಲ್ಲ. ರಾಯಬಾಗದಲ್ಲಿ ಹೇಳಲಿಲ್ಲ. ಮೂರನೆಯ ತಿಂಗಳು ಊಟದ ಕೋಣೆಯಲ್ಲಿ ಬಿದ್ದೆ. ಎದ್ದಾಗ ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ, ಸಮವಸ್ತ್ರ ಒದ್ದೆ. ಜೊತೆಗೆ ದಿನಾ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ ಸಿಸ್ಟರು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ. ಅವತ್ತು ಸಂಜೆಯೊಳಗೆ ನನ್ನ ಚೀಲವನ್ನು ಬೇರೆ ಯಾರೋ ತುಂಬಿಟ್ಟಿದ್ದರು.

ಹೇಳಿದರೂ ಕೆಲಸ ಇಲ್ಲ, ಹೇಳದಿದ್ದರೂ ಇಲ್ಲ. ಅಥಣಿಗೆ ಹೊರಡುವ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನನ್ನ ರಟ್ಟೆ ಹಿಡಿದು, “ಬಾಯಿ ಬಿಡಬ್ಯಾಡ ನೋಡ. ಎರಡ ವರ್ಷ ಆತು, ಬಂದಿಲ್ಲಲ್ಲ. ಹೋತದು” ಎಂದಳು. ಅಪ್ಪ ಸ್ವಲ್ಪ ದೂರ ನಿಂತಿದ್ದ. ಬಸ್ಸು ಬಂದಾಗ ಚೀಲ ಮೇಲಿಟ್ಟು ಕೊಟ್ಟು, “ಕೇಳಿದ್ರ ಸುಳ್ಳ ಹೇಳಬ್ಯಾಡ” ಎಂದಷ್ಟೇ ಹೇಳಿ ಇಳಿದ. ಫಾರ್ಮು ಕೇಳಿತ್ತು. ನಾನು ಸುಳ್ಳು ಹೇಳಿದ್ದೆ.

ಆಸ್ಪತ್ರೆ ಹದಿನೈದು ಹಾಸಿಗೆಯದು. ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಲೇಡಿ ಡಾಕ್ಟರು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಅವರ ದನಿ ದೊಡ್ಡದು, ನಡಿಗೆ ಚುರುಕು. ತಪ್ಪು ಮಾಡಿದವರನ್ನು ರೋಗಿಗಳ ಮುಂದೆ ಬೈಯುತ್ತಿರಲಿಲ್ಲ; ಚೇಂಬರಿಗೆ ಕರೆದು ಬಾಗಿಲು ಹಾಕಿಕೊಂಡು ಬೈಯುತ್ತಿದ್ದರು. ಆ ಬಾಗಿಲು ಮುಚ್ಚಿತೆಂದರೆ ಕೌಂಟರಿನವಳು ಸಹ ದನಿ ಇಳಿಸುತ್ತಿದ್ದಳು. ನನ್ನನ್ನು ಎರಡನೆಯ ವಾರವೇ ಹೆರಿಗೆ ಕೋಣೆಗೆ ಹಾಕಿದರು. “ನಿನ್ನ ಕೈ ಹಗರ ಐತಿ. ಕೂಸುಗೋಳಿಗೆ ಇಂಥಾ ಕೈ ಬೇಕು” ಎಂದರು. ಯಾರಾದರೂ ನನ್ನ ಕೆಲಸವನ್ನು ಹಾಗೆ ಹೊಗಳಿದ್ದು ಅದೇ ಮೊದಲು. ಖುಷಿಯಾಗಬೇಕಿತ್ತು. ನನಗೆ ಆ ಫಾರ್ಮು ನೆನಪಾಯಿತು.

ಕೂಸು ಹುಟ್ಟಿದ ಕೂಡಲೇ ಮೇಡಂ ಹೊಕ್ಕಳು ಬಳ್ಳಿ ಕತ್ತರಿಸಿ ನನ್ನ ಕೈಗೆ ಕೊಡುವರು. ನಾನು ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಗೋಡೆ ಪಕ್ಕದ ವಾರ್ಮರಿನ ಮೇಲೆ ಬೆಚ್ಚಗೆ ಮಲಗಿಸಬೇಕು. ಮೇಜಿನಿಂದ ವಾರ್ಮರಿಗೆ ಆರು ಹೆಜ್ಜೆ. ನಾನು ಎಣಿಸಿದ್ದೆ. ಪ್ರತಿ ಸಲ ಕೂಸನ್ನೆತ್ತಿಕೊಂಡಾಗ ಮೊದಲು ಮೂಗಿನಿಂದ ಒಮ್ಮೆ ಉಸಿರೆಳೆದು, ವಾಸನೆ ಇಲ್ಲ ಎಂದು ಖಾತ್ರಿಯಾದ ಮೇಲೆ ಹೆಜ್ಜೆ ಇಡುತ್ತಿದ್ದೆ. ರಕ್ತ, ಡೆಟಾಲು, ಬೆವರು. ಅಷ್ಟೇ ಇದ್ದರೆ ಸಮಾಧಾನ.

ಉಳಿದುಕೊಂಡಿದ್ದು ಆಸ್ಪತ್ರೆ ಹಿಂದಿನ ಓಣಿಯ ಒಂದು ಬಾಡಿಗೆ ಕೋಣೆಯಲ್ಲಿ, ನಮ್ಮದೇ ಆಸ್ಪತ್ರೆಯ, ತೆಲಸಂಗದ ಒಬ್ಬ ಸಿಸ್ಟರ್ ಜೊತೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಕುರಿ ಸಾಕುವವರ ಮನೆಯ ಹುಡುಗಿ, ನೇರ ಮಾತಿನವಳು. ನಾನು ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದೆ. ಗುಳಿಗೆಗಳನ್ನು ನಾನು ವಿಟಮಿನ್ ಡಬ್ಬಿಗೆ ಸುರಿದಿಟ್ಟಿದ್ದೆ. ಎಂಟಕ್ಕೆ ಮೊಬೈಲು ಗುಂಯ್ ಅಂದ ಕೂಡಲೇ ಬೆನ್ನು ತಿರುಗಿಸಿ ನುಂಗುವುದು. ವಾರ ಕಳೆಯುವುದರೊಳಗೆ ಅವಳು ಕೇಳಿಯೇಬಿಟ್ಟಳು.

“ಏನ ಗುಳಗಿ ಅವು? ದಿನಾ ತಗೋತಿ?”

“ರಕ್ತ ಕಮ್ಮಿ ಐತಿ ಅಕ್ಕಾ.”

“ರಕ್ತದ ಗುಳಗಿ ಕೆಂಪ ಇರತಾವಲ್ಲ? ಇವು ಬೆಳ್ಳಗದಾವು.”

“ಬ್ಯಾರೆ ಕಂಪನಿವು.”

ನರ್ಸಿಗೆ ನರ್ಸು ಹೇಳುವ ಸುಳ್ಳು ಎಷ್ಟು ದಿನ ನಡೆದೀತು? ಅವಳು ಮತ್ತೆ ಕೇಳಲಿಲ್ಲ. ಆದರೆ ನಾನು ಬೆನ್ನು ತಿರುಗಿಸಿದಾಗಲೆಲ್ಲ ಅವಳ ಕಣ್ಣು ನನ್ನ ಬೆನ್ನ ಮೇಲಿದೆ ಅನ್ನಿಸುತ್ತಿತ್ತು.

ಐದನೆಯ ವಾರ ನನಗೆ ಸತತ ಮೂರು ರಾತ್ರಿ ಪಾಳಿ ಬಂತು. ನಿದ್ದೆಗೆಡುವುದು ನನ್ನ ಕಾಯಿಲೆಗೆ ಆಗದ ಮಾತು. ಆದರೆ ಪಾಳಿ ಬೇಡ ಎನ್ನಲು ಕಾರಣ ಹೇಳಬೇಕಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕೋಣೆಗೆ ಹೋಗುವ ಹೊತ್ತಿಗೆ ತೆಲಸಂಗದ ಕಡೆಯ ಒಬ್ಬ ಚೊಚ್ಚಲ ಬಸುರಿ ಬಂದಳು. ಹಗಲು ಪಾಳಿಯ ಸಿಸ್ಟರ್ ಇನ್ನೂ ಬಂದಿರಲಿಲ್ಲ. “ಇದೊಂದ ಮುಗಿಸಿ ಹೋಗು” ಎಂದರು ಮೇಡಂ. ಹತ್ತು ಗಂಟೆಗೆ ಗಂಡು ಕೂಸು ಹುಟ್ಟಿತು. ಮೇಡಂ ನನ್ನ ಕೈಗೆ ಕೊಟ್ಟರು. ಜೋರಾಗಿ ಅಳುತ್ತಿತ್ತು. ನಾನು ಉಸಿರೆಳೆದುಕೊಂಡೆ.

ತಳ ಹತ್ತಿದ ಬೆಲ್ಲ.

ಕಿಟಕಿ ನೋಡಿದೆ, ಮುಚ್ಚಿತ್ತು. ಏಸಿ ಓಡುತ್ತಿತ್ತು. ಮೇಡಂ ತಾಯಿಯ ಕಡೆ ಬಗ್ಗಿದ್ದರು. ಬಾಗಿಲ ಬಳಿ ಮಾವಶಿ ನಿಂತಿದ್ದಳು. ನಮ್ಮಲ್ಲಿ ಆಸ್ಪತ್ರೆಯ ಆಯಾಗಳನ್ನು ಮಾವಶಿ ಎನ್ನುತ್ತೇವೆ. ಅವಳ ಮುಖದಲ್ಲಿ ವಾಸನೆ ಬಂದ ಗುರುತೇನೂ ಇರಲಿಲ್ಲ. ಆರು ಹೆಜ್ಜೆ ನಡೆಯಬಹುದು, ನಡೆಯಲಾಗದೆಯೂ ಇರಬಹುದು. “ಮಾವಶಿ, ಹಿಡಿ” ಎಂದೆ. ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. “ಹಿಡಿ ಮಾವಶಿ, ಕೂಸ ಹಿಡಿ!” ಅವಳು ಓಡಿ ಬಂದು ಕೂಸನ್ನು ಎದೆಗವಚಿಕೊಂಡಳು. ನಾನು ಗೋಡೆಗೆ ಬೆನ್ನು ಹಚ್ಚಿ ಜಾರುತ್ತ ನೆಲದ ಮೇಲೆ ಕೂತೆ. ಟೈಲ್ಸು ತಣ್ಣಗಿತ್ತು. ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನು ಎರಡು ಮೂರು ಸಲ ಹಾರಿತು. ಅದನ್ನೇ ನೋಡುತ್ತ ಕೂತಿದ್ದೆ.

ಬೀಳಲಿಲ್ಲ. ವಾಸನೆ ಬಂದ ಹಾಗೇ ಹೋಯಿತು. ಒಮ್ಮೊಮ್ಮೆ ಹಾಗೂ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವತ್ತೇ ಮೊದಲ ಸಲ ಹಾಗಾದದ್ದು.

ಮೇಡಂ ಕೈಗವಸು ಬಿಚ್ಚುತ್ತ ನನ್ನೆದುರು ಕುಕ್ಕುರುಗಾಲಲ್ಲಿ ಕೂತರು. “ಏನಾತು? ನಿನ್ನೆ ಊಟ ಮಾಡಿಲ್ಲೇನ?”

“ಇಲ್ರಿ ಮೇಡಂ. ಚಕ್ಕರ್ ಬಂದಂಗಾತು.”

“ಮೂರ ದಿನ ನೈಟ್ ಹಾಕಿದ್ದ ನನ್ನದ ತಪ್ಪು” ಎಂದು ಅವರು ಮಾವಶಿಗೆ ಚಹಾ, ಶಿರಾ ತರಲು ಹೇಳಿದರು. ಅವರೇ ತಟ್ಟೆ ಕೈಗಿಟ್ಟು ನಾನು ತಿನ್ನುವವರೆಗೆ ನಿಂತರು. ಅವರು ತಪ್ಪು ತಮ್ಮದೆಂದು ತಲೆ ಮೇಲೆ ಹಾಕಿಕೊಂಡಿದ್ದರು. ನಾನು ಶಿರಾ ತಿಂದು ಮುಗಿಸಿದೆ.

ಹೊರಗೆ ಬಂದರೆ ಆ ಕೂಸಿನ ಅಜ್ಜಿ ಕಾಯುತ್ತಿದ್ದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪೇಡೆಯ ಪೊಟ್ಟಣ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ಈ ಕೈಯಾಗ ನನ್ನ ಮೊಮ್ಮಗ ಬಂದಾನವ್ವಾ. ನೂರ ವರ್ಷ ಬಾಳು” ಎಂದಳು. ಕೈ ಬಿಡಿಸಿಕೊಂಡು ಹೋಗಬೇಕೆನಿಸಿತು. ಬಾಯಿಗೆ ಪೇಡೆ ಹಾಕಿಯೇಬಿಟ್ಟಳು.

ಆ ದಿನ ಕೋಣೆಗೆ ಹೋಗಿ ಮಲಗಿದರೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಮೂರನೆಯ ಹೆಜ್ಜೆಯಲ್ಲಿ ನಾನು ಬೀಳುತ್ತಿದ್ದೆ. ಕೂಸಿನ ಅಳು ಅಲ್ಲಿಗೇ ನಿಂತುಹೋಗುತ್ತಿತ್ತು. ಎದ್ದು ಕೂತು ಮುಂದಿನ ರಜೆ ಯಾವತ್ತು ಎಂದು ನೋಡಿದೆ. ಗುರುವಾರ.

ಗುರುವಾರ ಅಥಣಿಯಿಂದ ಕಾಗವಾಡದ ಮೇಲೆ ಹೋಗುವ ಬಸ್ಸು ಹಿಡಿದು ಮಿರಜಿಗೆ ಹೋದೆ. ಡಾಕ್ಟರು ವಯಸ್ಸಾದವರು, ಮರಾಠಿ ಬೆರೆಸಿ ಕನ್ನಡ ಮಾತಾಡುವರು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಗುಳಿಗೆಯ ಪ್ರಮಾಣ ಸ್ವಲ್ಪ ಹೆಚ್ಚಿಸಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ನರ್ಸ್ ಆಗಬ್ಯಾಡ ಅಂತ ನಾ ಯಾವತ್ತೂ ಹೇಳಿಲ್ಲ ಪೋರಿ. ರಾತ್ರಿ ಪಾಳಿ ಬ್ಯಾಡ ಅಂದಿದ್ದೆ. ಕೂಸ ಎತ್ತಿಕೊಂಡ ಒಬ್ಬಾಕಿನ ಅಡ್ಡಾಡಬ್ಯಾಡ ಅಂತನೂ ಅಂದಿದ್ದೆ. ಅಂದಿದ್ದೆನೋ ಇಲ್ಲೋ?”

“ಅಂದಿದ್ರಿ ಸರ್.”

“ಮತ್ತ?”

ನನಗೆ ಅಳು ಬಂತು. ಅವರು ಒಂದು ಪತ್ರ ಬರೆದುಕೊಟ್ಟರು. ನನ್ನ ಕಾಯಿಲೆ ಏನು, ಎಷ್ಟು ಹತೋಟಿಯಲ್ಲಿದೆ, ಯಾವ ಕೆಲಸ ಮಾಡಬಹುದು, ಯಾವುದು ಕೂಡದು. ಕೆಳಗೆ ತಮ್ಮ ಫೋನ್ ನಂಬರು. “ಪತ್ರ ನಾ ಬರದೀನಿ. ಹೇಳೂದು ನೀನ ಹೇಳಬೇಕು. ಪತ್ರ ಟೇಬಲ್ ಮ್ಯಾಲ ಇಟ್ಟ ಓಡಿ ಬರಬ್ಯಾಡ” ಎಂದರು. ನಾನು ಹಾಗೇ ಮಾಡಬೇಕೆಂದು ಯೋಚಿಸಿದ್ದು ಅವರಿಗೆ ಹೇಗೆ ಗೊತ್ತಾಯಿತೋ.

ವಾಪಸು ಬರುವಾಗ ಕಾಗವಾಡದಲ್ಲಿ ಬಸ್ಸು ಕೆಟ್ಟು ನಿಂತಿತು. ಮುಂದಿನ ಬಸ್ಸಿಗೆ ಒಂದು ತಾಸು. ನಿಲ್ದಾಣದ ಕಟ್ಟೆಯ ಮೇಲೆ ಕೂತು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಓದಿಕೊಂಡೆ. ‘ಮೇಡಂ, ನಿಮಗೊಂದ ವಿಷಯ ಹೇಳಬೇಕು.’ ಬೇಡ. ‘ಮೇಡಂ, ನಾ ತಪ್ಪ ಮಾಡೀನಿ.’ ಅದೂ ಬೇಡ. ಕಾಯಿಲೆ ಬಂದದ್ದು ನನ್ನ ತಪ್ಪೇನು? ಮುಚ್ಚಿಟ್ಟದ್ದು ತಪ್ಪು. ಎರಡನ್ನೂ ಬೇರೆ ಬೇರೆ ಮಾಡಿ ಹೇಳುವ ಮಾತು ನನಗೆ ಸಿಗುತ್ತಿರಲಿಲ್ಲ. ಅವ್ವನಿಗೆ ಫೋನ್ ಮಾಡೋಣವೆಂದು ನಂಬರು ಒತ್ತಿ ಕತ್ತರಿಸಿದೆ. ಅವಳು ಬೇಡ ಅಂದರೆ ನಾನು ಕೇಳಿಬಿಡುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಹೊರರೋಗಿಗಳ ಸರತಿ ಮುಗಿದ ಮೇಲೆ ಚೇಂಬರಿನ ಬಾಗಿಲು ತಟ್ಟಿದೆ. ಮೇಡಂ ಊಟದ ಡಬ್ಬಿ ಬಿಚ್ಚುತ್ತಿದ್ದರು.

“ಬಾ. ಏನ? ರಜಾ ಬೇಕೇನ?”

“ಇಲ್ರಿ ಮೇಡಂ. ಮಾತಾಡೂದಿತ್ರಿ.”

ಅಷ್ಟರಲ್ಲಿ ಅವರಿಗೆ ಫೋನು ಬಂತು. ಸ್ಕ್ಯಾನಿಂಗ್ ಯಂತ್ರದವನ ಜೊತೆ ಹತ್ತು ನಿಮಿಷ ಜಗಳಾಡಿದರು. ನಾನು ನಿಂತೇ ಇದ್ದೆ. ಕೈಯಲ್ಲಿದ್ದ ಪತ್ರದ ಅಂಚು ಬೆವರಿಗೆ ಮೆತ್ತಗಾಯಿತು. ಫೋನು ಇಟ್ಟ ಕೂಡಲೇ ಕೌಂಟರಿನವಳು ಇಣುಕಿ ಯಾರೋ ರಿಪೋರ್ಟು ತೋರಿಸಲು ಬಂದಿದ್ದಾರೆಂದಳು. ಅವರೂ ಬಂದು ಹೋದರು. ಇನ್ನೊಂದು ದಿನ ಹೇಳಿದರಾಯಿತು ಎಂದು ನನ್ನ ಕಾಲು ಬಾಗಿಲ ಕಡೆ ತಿರುಗಿದ್ದು ನನಗೇ ಗೊತ್ತಾಯಿತು. ತಿರುಗಿದವಳು ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಮೇಡಂ ತಲೆಯೆತ್ತಿದರು. ಆ ಕೋಣೆಯಲ್ಲಿ ಬಾಗಿಲು ಮುಚ್ಚುತ್ತಿದ್ದವರು ಅವರೊಬ್ಬರೇ.

“ಮೇಡಂ, ನನಗ ಫಿಟ್ಸ್ ಐತ್ರಿ. ಆರ ವರ್ಷ ಆತು. ಮಿರಜದಾಗ ಔಷಧ ನಡದೈತಿ. ಅವತ್ತ ಕೂಸ ಮಾವಶಿ ಕೈಯಾಗ ಕೊಟ್ಟ ಕೂತಿದ್ದು ಚಕ್ಕರ್ ಅಲ್ರಿ. ಫಿಟ್ಸ್ ಬರಾಕತ್ತಿತ್ತು.”

ಅವರ ಕೈಯಲ್ಲಿದ್ದ ರೊಟ್ಟಿಯ ಚೂರು ತಟ್ಟೆಗೆ ವಾಪಸು ಹೋಯಿತು. ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಎದ್ದು ಕಪಾಟಿನಿಂದ ಫೈಲು ತೆಗೆದು ನನ್ನ ಫಾರ್ಮನ್ನು ಹುಡುಕಿ ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು.

“ಇದೇನ ಬರದೀ?”

“ಇಲ್ಲ ಅಂತ ಬರದೀನ್ರಿ.”

“ಯಾಕ?”

ನಿಪ್ಪಾಣಿಯದನ್ನೂ ರಾಯಬಾಗದ್ದನ್ನೂ ಹೇಳಿದೆ. ಅವರು ನಡುವೆ ತಡೆದರು.

“ಅವರ ಮಾಡಿದ್ದ ನನಗ ಹೇಳಬ್ಯಾಡ. ನಾ ಏನ ಮಾಡತೀನಿ ಅಂತ ನಿನಗೇನ ಗೊತ್ತಿತ್ತು? ನನ್ನ ಕೇಳಿದ್ದೇನ ನೀ? ಐದ ವಾರ! ಐದ ವಾರದಾಗ ಎಷ್ಟ ಕೂಸ ನಿನ್ನ ಕೈಯಾಗ ಕೊಟ್ಟೀನಿ ನಾ? ಒಂದ ಬಿದ್ದಿದ್ರ? ಆ ತಾಯಿ ಮುಂದ ಹೋಗಿ ನಾ ಏನ ಹೇಳಬೇಕಾಗಿತ್ತು?”

ದನಿ ಏರಿತ್ತು. ಹೊರಗೆ ಕೌಂಟರಿನ ಸದ್ದು ನಿಂತುಹೋಗಿತ್ತು. ಆ ಪ್ರಶ್ನೆಯನ್ನು ನಾನೂ ನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದೆ. ಪತ್ರ ಮುಂದಿಟ್ಟೆ. ಅವರು ನಿಂತುಕೊಂಡೇ ಎರಡು ಸಲ ಓದಿದರು. ಯಾವ ಗುಳಿಗೆ, ಎಷ್ಟು ಪ್ರಮಾಣ ಎಂದು ಕೇಳಿದರು. ಹೇಳಿದೆ.

“ಎರಡ ದಿನ ಊರಿಗೆ ಹೋಗು” ಎಂದರು, ನನ್ನ ಮುಖ ನೋಡದೆ. “ಫೋನ್ ಮಾಡಿ ತಿಳಸ್ತೀನಿ.”

ನಿಪ್ಪಾಣಿಯಲ್ಲಿ ಕೇಳಿದ ಅದೇ ಮಾತು. ಹೊರಗೆ ಬಂದಾಗ ಕೌಂಟರಿನವಳು ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸುತ್ತಿದ್ದಳು.

ಕೋಣೆಯಲ್ಲಿ ಬಟ್ಟೆ ತುಂಬಿಕೊಳ್ಳುವಾಗ ಅಕ್ಕ ಬಂದಳು. ಇನ್ನು ಮುಚ್ಚಿಡುವುದೇನಿತ್ತು? ಹೇಳಿದೆ. ಅವಳು ಮಂಚದ ಮೇಲೆ ದೊಪ್ಪನೆ ಕೂತಳು. ರಾಯಬಾಗದ ಸಿಸ್ಟರಿನಂತೆ ಬಾಗಿಲಿಗೆ ಸರಿಯುತ್ತಾಳೇನೋ ಎಂದು ನೋಡಿದೆ. ಸರಿಯಲಿಲ್ಲ. ಸಿಟ್ಟಿನಿಂದ ಅವಳ ಮುಖ ಕೆಂಪಾಗಿತ್ತು.

“ಬಚ್ಚಲದಾಗ ಒಳಗಿಂದ ಚಿಲಕಾ ಹಾಕ್ಕೊಂಡ ಅರ್ಧಾ ತಾಸ ಜಳಕಾ ಮಾಡತಿದ್ದೀ ಹುಚ್ಚಿ! ಬಿದ್ದಿದ್ರ ನಾ ಬಾಗಲಾ ಹೆಂಗ ತಗೀಬೇಕಿತ್ತು? ರಕ್ತದ ಗುಳಗಿ ಅಂತ. ನನಗರ ಹೇಳಬಾರದಿತ್ತೇನ?”

“ಹೇಳಿದ್ರ ನೀ ಈ ಖೋಲಿ ಬಿಡಸ್ತಿದ್ದಿ ಅಂತ ಅಂಜಿದ್ನಿ.”

“ಬಿಡಸ್ತಿದ್ನೋ ಏನೋ” ಎಂದಳು ಅವಳು, ಸುಳ್ಳು ಹೇಳದೆ. “ಈಗ ಗೊತ್ತಿಲ್ಲ ನನಗ.” ಆಮೇಲೆ ನನ್ನ ಚೀಲದ ಜಿಪ್ಪು ಹಾಕಲು ಬರುತ್ತಿರಲಿಲ್ಲವೆಂದು ಅವಳೇ ಮೊಣಕಾಲಿನಿಂದ ಒತ್ತಿ ಹಾಕಿಕೊಟ್ಟಳು.

ಊರಿನಲ್ಲಿ ಅವ್ವ ಒಂದೇ ಮಾತು ಆಡಿದಳು: “ನಾ ಹೇಳಿದ್ದೆ.” ಆಮೇಲೆ ಮಾತು ಬಿಟ್ಟಳು. ರೊಟ್ಟಿ ಬಡಿಯುವ ಸದ್ದಿನಲ್ಲೇ ಅವಳ ಸಿಟ್ಟು ಕೇಳಿಸುತ್ತಿತ್ತು. ಶನಿವಾರ ಫೋನು ಬರಲಿಲ್ಲ. ರವಿವಾರವೂ ಬರಲಿಲ್ಲ. ಸಿಗ್ನಲ್ ಸಿಗುವುದು ಮನೆಯ ಹಿತ್ತಲಿನಲ್ಲಿ ಮಾತ್ರ. ನಾನು ಎರಡೂ ದಿನ ಅಲ್ಲೇ ಒಂದು ಬುಟ್ಟಿ ಬೋರಲು ಹಾಕಿಕೊಂಡು ಕೂತಿದ್ದೆ. ರವಿವಾರ ಸಂಜೆ ಅಪ್ಪ ನೀರು ಬಿಟ್ಟು ಬಂದು ನನ್ನೆದುರು ನಿಂತ.

“ಬ್ಯಾಡ ಅಂದ್ರೇನ ಅವರು?”

“ಬ್ಯಾಡ ಅಂದಿಲ್ಲ. ಫೋನ್ ಮಾಡತೀನಿ ಅಂದ್ರು.”

“ಎರಡ ದಿನ ಅಂದಿದ್ರಲ್ಲ. ಎರಡ ದಿನ ಮುಗೀತು. ನಾಳಿ ಹೋಗು. ಬ್ಯಾಡ ಅನ್ನೂದಿದ್ರ ಎದರ ನಿಂತ ಅನ್ನಲಿ.”

ಹೋಗಲು ನನಗೆ ಧೈರ್ಯ ಇರಲಿಲ್ಲ. ಆ ಬುಟ್ಟಿಯ ಮೇಲೆ ಇನ್ನೊಂದು ದಿನ ಕೂರುವ ಶಕ್ತಿಯೂ ಇರಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹಾರೂಗೇರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ಸೇತುವೆ ದಾಟಿ ಅಥಣಿಗೆ ಬಂದೆ. ಸಮವಸ್ತ್ರ ಚೀಲದಲ್ಲೇ ಇತ್ತು. ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಸಾದಾ ಬಟ್ಟೆಯಲ್ಲೇ ಚೇಂಬರಿನ ಮುಂದೆ ನಿಂತೆ.

ಮೇಡಂ ಬಂದವರು ನನ್ನನ್ನು ನೋಡಿ, “ಫೋನ್ ಮಾಡಿರಲಿಲ್ಲಲ್ಲ ನಾ?” ಎಂದರು.

“ಹೌದ್ರಿ. ಎರಡ ದಿನ ಮುಗೀತ್ರಿ, ಅದಕ್ಕ ಬಂದೆ.”

ಒಳಗೆ ಕರೆದರು. ಕುರ್ಚಿ ತೋರಿಸಿದರು. ಮಿರಜಿನ ಡಾಕ್ಟರ ಜೊತೆ ಮಾತಾಡಿದ್ದರಂತೆ, ಒಮ್ಮೆಯಲ್ಲ, ಎರಡು ಸಲ. “ನಾ ಬಸರ ಹೆಂಗಸರಿಗೆ ಫಿಟ್ಸ್ ಬಂದಾಗ ನೋಡಿಕೊಂಡೀನಿ. ನನಗ ಈ ರೋಗದ ಅಂಜಿಕಿ ಇಲ್ಲ” ಎಂದರು. “ಅಂಜಿಕಿ ಇರೂದು ಸುಳ್ಳಿಂದು. ನಿನ್ನ ಮ್ಯಾಲಿನ ಸಿಟ್ಟ ಇನ್ನೂ ಹೋಗಿಲ್ಲ, ತಿಳೀತೇನ? ಹೋಗತೈತೋ ಇಲ್ಲೋ ಅದನ್ನೂ ಹೇಳಾಕ ಬರೂದಿಲ್ಲ. ಆದರ ಕೂಸಿನ ಸಲುವಾಗಿ ನೀ ಬಾಗಲಾ ಹಾಕ್ಕೊಂಡ ನನ್ನ ಮುಂದ ನಿಂತಿ. ಅದನ್ನೂ ನಾ ನೋಡೀನಿ.”

ಆಮೇಲೆ ತೀರ್ಮಾನ ಹೇಳಿದರು. ರಾತ್ರಿ ಪಾಳಿ ಇಲ್ಲ. ಹೆರಿಗೆ ಕೋಣೆ ಇಲ್ಲ, ಆಪರೇಷನ್ ಕೋಣೆಯೂ ಇಲ್ಲ. ಹೊರರೋಗಿ ವಿಭಾಗದಲ್ಲಿ ಬಸುರಿಯರ ತೂಕ, ಬಿ.ಪಿ., ರಕ್ತ ಪರೀಕ್ಷೆ, ತಾಯಿ ಕಾರ್ಡು ಬರೆಯುವುದು. ಹೆರಿಗೆ ಕೋಣೆಯ ಬಾಗಿಲು ನನಗೆ ಮುಚ್ಚಿತು ಎಂಬುದನ್ನು ಕೇಳಿದಾಗ ಕೆಲಸ ಉಳಿದ ಸಂತೋಷ ಅಲ್ಲಿಗೇ ನಿಂತಿತು. ನನಗೆ ಇಷ್ಟವಿದ್ದದ್ದು ಅದೊಂದೇ ಕೋಣೆ.

“ಇನ್ನೊಂದ” ಎಂದರು. “ಸ್ಟಾಫಿಗೆ ಗೊತ್ತಿರಬೇಕು. ನೀ ಬಿದ್ರ ಹಿಡಿಯವರ ಅವರ. ನಾ ಹೇಳೂದಿಲ್ಲ. ನೀನ ಹೇಳಬೇಕು. ಒಲ್ಲೆ ಅಂದ್ರ ಈಗ ಹೇಳು.”

“ಹೇಳತೀನ್ರಿ” ಎಂದೆ.

ಅವತ್ತು ಮಧ್ಯಾಹ್ನ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಡಂ ಮುಂದೆ ಹೇಳಿದ್ದಕ್ಕಿಂತ ಅದು ಕಷ್ಟವಾಯಿತು. ಒಂಬತ್ತು ಮಂದಿಯ ಕಣ್ಣು. ನಾನು ಗೋಡೆಯ ಗಡಿಯಾರ ನೋಡುತ್ತ ಮಾತಾಡಿದೆ. ನನಗೆ ಹೀಗೊಂದು ಕಾಯಿಲೆ ಇದೆ, ಮುಟ್ಟಿದರೆ ಬರುವುದಿಲ್ಲ, ಬಿದ್ದರೆ ಒಂದು ಮಗ್ಗಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಬಾಯಲ್ಲಿ ಏನನ್ನೂ ತುರುಕಬೇಡಿ, ಎಷ್ಟು ನಿಮಿಷವಾಯಿತೆಂದು ನೋಡಿ. ಮಾವಶಿ ಕೈ ಎತ್ತಿದಳು, ಶಾಲೆಯಲ್ಲಿ ಎತ್ತುವಂತೆ.

“ಕೈಯಾಗ ಕಬ್ಬಣಾ ಕೊಡೂದ ಬ್ಯಾಡೇನ?”

“ಬ್ಯಾಡ ಮಾವಶಿ.”

“ಮೂಗಿಗೆ ಉಳ್ಳಾಗಡ್ಡಿ?”

ಯಾರೋ ಕಿಸಕ್ಕೆಂದರು. ನನಗೂ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಎಲ್ಲರೂ ನಗಲಿಲ್ಲ. ಪ್ರಯೋಗಾಲಯದವಳು ಮರುದಿನದಿಂದ ತನ್ನ ಡಬ್ಬಿಯನ್ನು ಮೇಜಿನ ಆ ತುದಿಗೆ ಸರಿಸಿಕೊಂಡಳು. ಇವತ್ತಿಗೂ ಅಲ್ಲೇ ಉಣ್ಣುತ್ತಾಳೆ. ಅಕ್ಕ ಕೋಣೆ ಬಿಡಿಸಲಿಲ್ಲ. ಬದಲಿಗೆ ಬಚ್ಚಲಿನ ಒಳಚಿಲಕವನ್ನು ಸ್ಕ್ರೂ ಡ್ರೈವರಿನಿಂದ ಬಿಚ್ಚಿ ತೆಗೆದಳು. ಈಗ ಇಬ್ಬರಲ್ಲಿ ಯಾರು ಜಳಕಕ್ಕೆ ಹೋದರೂ ಒಳಗಿದ್ದೇವೆಂಬ ಗುರುತಿಗೆ ಬಾಗಿಲ ಮೇಲೆ ಟವೆಲು ಹಾಕುತ್ತೇವೆ.

ಕೆಲಸಕ್ಕೆ ಸೇರಿದ ಏಳನೆಯ ತಿಂಗಳು ಬಂತು, ನಾನು ಹೆದರಿದ್ದ ಆ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತು, ಹಜಾರದ ತುಂಬ ಬಸುರಿಯರು, ಅವರ ಅತ್ತೆಯರು. ನಾನು ತೂಕದ ಯಂತ್ರದ ಪಕ್ಕದಲ್ಲೇ ನೆಲಕ್ಕೆ ಕೂತದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಎಡಮಗ್ಗಲಿಗೆ ಮಲಗಿದ್ದೆ. ತಲೆಯ ಕೆಳಗೆ ಮಾವಶಿಯ ಸೀರೆಯ ಸೆರಗು ಮಡಚಿಟ್ಟಿತ್ತು, ಸೆರಗಿನ ಇನ್ನೊಂದು ತುದಿಯಲ್ಲಿ ಅವಳೇ ಕೂತಿದ್ದಳು. ಅಕ್ಕ ಗಡಿಯಾರ ನೋಡುತ್ತಿದ್ದಳು. ಕೈಯಲ್ಲಿ ಕೀಲಿ ಇರಲಿಲ್ಲ. ಮೇಡಂ ಹಸಿರು ಪರದೆಯನ್ನು ಸುತ್ತ ಎಳೆಯುತ್ತ, ಆಚೆಗೆ ಯಾರಿಗೋ, “ಏನಿಲ್ಲ, ಕೂಡ್ರಿ ಎಲ್ಲಾರೂ. ನಮ್ಮ ಸಿಸ್ಟರಿಗೆ ಒಂದ ಬ್ಯಾನಿ ಐತಿ, ಆರಾಮ ಆಗತಾಳ” ಎನ್ನುತ್ತಿದ್ದರು. ಅಷ್ಟು ಜನರ ಮುಂದೆ, ದನಿ ತಗ್ಗಿಸದೆ.

ಮರುದಿನ ರಜೆ ಕೊಟ್ಟರು. ಅದರ ಮರುದಿನ ಕೆಲಸಕ್ಕೆ ಹೋದೆ. ಮೈಯೆಲ್ಲ ನೋವು, ನಾಲಿಗೆ ಇನ್ನೂ ಊದಿತ್ತು. ಸರತಿಯಲ್ಲಿ ಮುಂದಿದ್ದ ಹೆಂಗಸು ಮೊನ್ನೆ ಅಲ್ಲೇ ಇದ್ದವಳು. ನನ್ನನ್ನು ಕಂಡು ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ, “ಬ್ಯಾರೆ ಸಿಸ್ಟರ್ ಬರಲಿ, ನಾವ ಕೂಡತೀವ್ರಿ” ಎಂದು ಅವಳನ್ನು ಬೆಂಚಿಗೆ ವಾಪಸು ಕರೆದೊಯ್ದಳು. ನನ್ನ ಮುಖ ಬಿಸಿಯಾಯಿತು. ಬಿ.ಪಿ. ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿಟ್ಟೆ. ಹಿಂದೆ ನಿಂತಿದ್ದ ಇನ್ನೊಬ್ಬಳು, ಆರೇಳು ತಿಂಗಳ ಬಸುರಿ, ಬಳೆ ಮೇಲೆ ಸರಿಸುತ್ತ ತಾನೇ ಮುಂದೆ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

“ಲಗೂನ ನೋಡ್ರಿ ಸಿಸ್ಟರ್, ನಮ್ಮ ಊರ ಬಸ್ಸ ಹನ್ನೆರಡಕ್ಕೈತಿ” ಎಂದಳು.

ಅವಳ ಬಿ.ಪಿ. ಸ್ವಲ್ಪ ಹೆಚ್ಚಿತ್ತು. ಇನ್ನೊಮ್ಮೆ ನೋಡಿದೆ, ಅಷ್ಟೇ ಇತ್ತು. ಬಸ್ಸು ತಪ್ಪಿದರೂ ಪರವಾಗಿಲ್ಲ, ಮೇಡಂಗೆ ತೋರಿಸದೆ ಹೋಗಬಾರದೆಂದು ಹೇಳಿ, ಕಾರ್ಡಿನ ಮೇಲೆ ಬರೆದು, ಅವಳನ್ನು ಒಳಗೆ ಕಳಿಸಿದೆ.